'ರೋಮಾ' ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

2018ರ ಮೆಕ್ಸಿಕೊ ಸಿನಿಮಾ 'ರೋಮಾ' ನೋಡಿ ಅಂತ ನಾನು ಯಾರಿಗೆ ಹೇಳಿದರೂ, ಕೆಲವು ದಿನ ಬಿಟ್ಟು ಅವರಿಂದ ಪ್ರಶ್ನೆಗಳು ಬರುತ್ತವೆ. ಕೆಲವರು ಫೋನ್ ಮಾಡಿ ಕೇಳುತ್ತಾರೆ, ಕೆಲವರು ಉದ್ದ ಪತ್ರ ಬರೆಯುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲ ಭಾಗ ಇನ್ನೂ ನೋಡಿಲ್ಲದವರಿಗೆ. ಎರಡನೇ ಭಾಗದಲ್ಲಿ ಕಥೆಯ ಒಂದು ಮುಖ್ಯ ತಿರುವು ಬರುತ್ತದೆ. ಮೂರನೇ ಭಾಗದಲ್ಲಿ ಕೊನೆಯವರೆಗಿನ ಕಥೆಯೆಲ್ಲ ಬರುತ್ತದೆ, ಅದನ್ನು ನೋಡಿದ ಮೇಲೆ ಓದಿ.

## ಇನ್ನೂ ನೋಡಿಲ್ಲದವರಿಗೆ

ಇದು ಇಟಲಿಯ ರೋಮ್ ಊರಿನ ಕಥೆನಾ?

ಅಲ್ಲ. ಮೆಕ್ಸಿಕೊ ಸಿಟಿಯಲ್ಲಿ ಕೊಲೋನಿಯಾ ರೋಮಾ ಅಂತ ಒಂದು ಬಡಾವಣೆ ಇದೆ. 20ನೇ ಶತಮಾನದ ಶುರುವಿನಲ್ಲಿ ಅನುಕೂಲಸ್ಥರಿಗಾಗಿ ಕಟ್ಟಿದ್ದು. ನಿರ್ದೇಶಕ ಆಲ್ಫೊನ್ಸೊ ಕ್ವಾರೋನ್ ಬೆಳೆದದ್ದು ಅಲ್ಲೇ, ತೆಪೆಹಿ ಅನ್ನುವ ರಸ್ತೆಯಲ್ಲಿ. ಸಿನಿಮಾದಲ್ಲಿ ಹೊರಗಿನಿಂದ ಕಾಣುವ ಮನೆಯೂ ಅದೇ ರಸ್ತೆಯದು, ಅವರ ಬಾಲ್ಯದ ಮನೆಯ ಎದುರುಗಡೆಯದು. ಇನ್ನೊಂದು ಮಾತು: ರೋಮಾ ಅನ್ನುವ ಹೆಸರನ್ನು ಸ್ಪ್ಯಾನಿಷ್ ಅಕ್ಷರಗಳಲ್ಲಿ ಹಿಂದಿನಿಂದ ಓದಿದರೆ 'ಅಮೋರ್' ಆಗುತ್ತದೆ. ಅಂದರೆ ಪ್ರೀತಿ.

ಕಥೆ ಏನು? ಎರಡು ಮಾತಲ್ಲಿ ಹೇಳಿ.

1970-71ರ ಮೆಕ್ಸಿಕೊ ಸಿಟಿ. ಡಾಕ್ಟರೊಬ್ಬರ ಮನೆ. ನಾಲ್ಕು ಮಕ್ಕಳು, ತಾಯಿ ಸೋಫಿಯಾ, ಅಜ್ಜಿ ತೆರೆಸಾ, ಒಂದು ನಾಯಿ. ಆ ಮನೆಯಲ್ಲೇ ಇದ್ದು ಕೆಲಸ ಮಾಡುವ ಇಬ್ಬರು ಹುಡುಗಿಯರು, ಕ್ಲಿಯೊ ಮತ್ತು ಅದೇಲಾ. ಡಾಕ್ಟರು ಮನೆ ಬಿಟ್ಟು ಹೋಗುತ್ತಾರೆ. ಅದೇ ಹೊತ್ತಿಗೆ ಕ್ಲಿಯೊ ಬಸುರಿಯಾಗುತ್ತಾಳೆ, ಅವಳ ಗೆಳೆಯನೂ ಓಡಿಹೋಗುತ್ತಾನೆ. ಮುಂದಿನದನ್ನು ನೀವೇ ನೋಡಬೇಕು.

ಕಪ್ಪು-ಬಿಳುಪು, ತುಂಬಾ ನಿಧಾನ ಅಂತಾರೆ. ಬೋರ್ ಆಗಲ್ವಾ?

ಮೊದಲ 20 ನಿಮಿಷ ಆಗಬಹುದು, ಸುಳ್ಳು ಹೇಳಲ್ಲ. ಸಿನಿಮಾ ಶುರುವಾಗುವುದೇ ಕಲ್ಲು ಹಾಸಿನ ಮೇಲೆ. ಹೆಸರುಗಳು ಬರುತ್ತಿರುತ್ತವೆ, ನೀರು ಸುರಿಯುವ ಸದ್ದು ಕೇಳುತ್ತದೆ. ಸೋಪಿನ ನೀರು ಅಲೆಯ ಹಾಗೆ ಹರಿದು ಬರುತ್ತದೆ. ನೀರು ನಿಂತಾಗ ಅದರೊಳಗೆ ಆಕಾಶ ಕಾಣುತ್ತದೆ, ಅಲ್ಲೊಂದು ವಿಮಾನ ಪುಟ್ಟದಾಗಿ ದಾಟಿ ಹೋಗುತ್ತದೆ. ಆಮೇಲಷ್ಟೇ ಕ್ಯಾಮೆರಾ ತಲೆ ಎತ್ತಿ, ನೆಲ ತೊಳೆಯುತ್ತಿರುವ ಕ್ಲಿಯೊಳನ್ನು ತೋರಿಸುತ್ತದೆ. ಈ ಮೊದಲ ದೃಶ್ಯದಲ್ಲಿ ಸುಮ್ನೆ ಕೂತರೆ ಸಿನಿಮಾ ತನ್ನ ವೇಗವನ್ನು ನಿಮಗೆ ಕಲಿಸಿಬಿಡುತ್ತದೆ. ಒಟ್ಟು 135 ನಿಮಿಷ. ಕೊನೆಯ ಮುಕ್ಕಾಲು ಗಂಟೆಯಲ್ಲಿ ಬೋರ್ ಅಂದವರನ್ನು ನಾನಂತೂ ನೋಡಿಲ್ಲ.

ಮೊಬೈಲಲ್ಲಿ ನೋಡಬಹುದಾ?

ನೆಟ್‌ಫ್ಲಿಕ್ಸ್‌ನಲ್ಲಿ ಇರುವುದರಿಂದ ನೋಡಬಹುದು, ಆದರೆ ಬೇಡ ಅಂತಲೇ ಹೇಳುತ್ತೇನೆ. ಇಲ್ಲಿ ಮುಖ್ಯವಾದದ್ದು ಎಷ್ಟೋ ಸಲ ಪರದೆಯ ಒಂದು ಮೂಲೆಯಲ್ಲಿ, ದೂರದಲ್ಲಿ ನಡೆಯುತ್ತಿರುತ್ತದೆ. ಸಣ್ಣ ಪರದೆಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಟಿವಿ ಇಲ್ಲದಿದ್ದರೆ ಕೊನೇಪಕ್ಷ ಹೆಡ್‌ಫೋನ್ ಹಾಕಿಕೊಳ್ಳಿ. ಈ ಸಿನಿಮಾಗೆ ಹಿನ್ನೆಲೆ ಸಂಗೀತವೇ ಇಲ್ಲ. ರೇಡಿಯೊ, ಬೀದಿಯ ಬ್ಯಾಂಡು, ಚೂರಿ ಸಾಣೆ ಹಿಡಿಯುವವನ ಸೀಟಿ, ನಾಯಿಗಳು, ಮಳೆ, ಇವೇ ಇದರ ಸಂಗೀತ. ಸದ್ದು ಎಡಗಡೆಯಿಂದ ಬಂತಾ, ಬೆನ್ನ ಹಿಂದಿನಿಂದ ಬಂತಾ ಅನ್ನುವುದರಲ್ಲೇ ಅರ್ಧ ಮನೆ ಕಟ್ಟಿದ್ದಾರೆ.

ಕ್ಲಿಯೊ ಮತ್ತು ಅದೇಲಾ ಮಾತಾಡುವುದು ಬೇರೆ ಭಾಷೆ ಅಲ್ವಾ? ಅಲ್ಲಿ ಸಬ್‌ಟೈಟಲ್‌ಗೆ ಕಂಸ ಯಾಕೆ ಹಾಕಿದ್ದಾರೆ?

ಸರಿಯಾಗಿ ಗಮನಿಸಿದ್ದೀರಿ. ಮನೆಯವರ ಜೊತೆ ಸ್ಪ್ಯಾನಿಷ್, ತಮ್ಮತಮ್ಮಲ್ಲಿ ಮಿಷ್ಟೆಕ್. ಮಿಷ್ಟೆಕ್ ಅನ್ನುವುದು ದಕ್ಷಿಣ ಮೆಕ್ಸಿಕೊದ ವಹಾಕಾ ರಾಜ್ಯ ಮತ್ತು ಅದರ ಅಕ್ಕಪಕ್ಕದ ಮೂಲನಿವಾಸಿಗಳ ಭಾಷೆ. ಅಲ್ಲಿಯವರು ತಮ್ಮನ್ನು 'ಮಳೆಯ ಜನ' ಅಂತ ಕರೆದುಕೊಳ್ಳುತ್ತಾರೆ, ಭಾಷೆಗೆ 'ಮಳೆಯ ಮಾತು' ಅನ್ನುತ್ತಾರೆ. ಎರಡು ಭಾಷೆಗಳ ನಡುವಿನ ಗೆರೆ ಗೊತ್ತಾಗಲಿ ಅಂತ ಕಂಸ. ಒಂದು ದೃಶ್ಯದಲ್ಲಿ ಚಿಕ್ಕ ಹುಡುಗ ಪೆಪೆ, ಏನು ಹೇಳ್ತಿದೀರಿ, ಹಾಗೆ ಮಾತಾಡಬೇಡಿ ಅನ್ನುತ್ತಾನೆ. ಮಗುವಿನ ಮಾತು, ಸಿಟ್ಟೇನೂ ಇಲ್ಲ. ಆದರೂ ಆ ಮನೆಯಲ್ಲಿ ಯಾವ ಭಾಷೆಗೆ ಎಲ್ಲಿ ಜಾಗ ಅನ್ನುವುದು ಗೊತ್ತಾಗಿಬಿಡುತ್ತದೆ.

ಸ್ಪೇನ್‌ನಲ್ಲಿ ಸ್ಪ್ಯಾನಿಷ್ ಸಿನಿಮಾಗೇ ಸ್ಪ್ಯಾನಿಷ್ ಸಬ್‌ಟೈಟಲ್ ಹಾಕಿದ್ದರಂತೆ. ಹೌದಾ?

ಹೌದು. ಮೆಕ್ಸಿಕೊದ ಸ್ಪ್ಯಾನಿಷನ್ನು ಸ್ಪೇನ್‌ನ ಸ್ಪ್ಯಾನಿಷ್‌ಗೆ 'ತಿದ್ದಿ' ಕೆಳಗೆ ಹಾಕಿದ್ದರು. ಪಾತ್ರ 'ಮಮಾ' ಅಂದರೆ ಕೆಳಗೆ 'ಮಾದ್ರೆ'. ಮೆಕ್ಸಿಕೊದ ಮಕ್ಕಳೆಲ್ಲ ತಿನ್ನುವ 'ಗನ್ಸಿತೊ' ಚಾಕೊಲೇಟ್ ಕೇಕಿನ ಹೆಸರು ತೆಗೆದು 'ಗಂಚಿತೋಸ್' ಅನ್ನುವ ಬೇರೆಯೇ ಕುರುಕಲು ತಿಂಡಿಯ ಹೆಸರು ಹಾಕಿದ್ದರು. ಇದು ಸ್ಪೇನ್‌ನ ಜನರಿಗೇ ಮಾಡಿದ ಅವಮಾನ ಅಂತ ಕ್ವಾರೋನ್ ಸಿಟ್ಟಾದರು. 2019ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಆ ಸಬ್‌ಟೈಟಲ್ ತೆಗೆಯಿತು. ಧಾರವಾಡದ ಮಾತು ಕೇಳಿಸುತ್ತಿರುವಾಗ ಕೆಳಗೆ ಮೈಸೂರು ಕನ್ನಡ ಬರೆದರೆ ನಮಗೆ ಹೇಗಾಗುತ್ತದೆ ಅಂತ ಯೋಚಿಸಿ, ಆ ಸಿಟ್ಟು ಅರ್ಥವಾಗುತ್ತದೆ.

## ಮಾಡಿದವರ ಬಗ್ಗೆ

ಕ್ವಾರೋನ್ ಅಂದ್ರೆ ಹ್ಯಾರಿ ಪಾಟರ್ ಮಾಡಿದವರೇ ಅಲ್ವಾ? ಅವರು ಇಂಥ ಸಿನಿಮಾ ಯಾಕೆ ಮಾಡಿದರು?

ಅವರೇ. 2004ರಲ್ಲಿ ಬಂದ ಮೂರನೇ ಹ್ಯಾರಿ ಪಾಟರ್ ಸಿನಿಮಾ ಅವರದು, 2013ರ 'ಗ್ರಾವಿಟಿ'ಯೂ ಅವರದೇ. ಆದರೆ ಅವರು ಹುಟ್ಟಿದ್ದು 1961ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ. ಮೊದಲ ಸಿನಿಮಾ ಮಾಡಿದ್ದೂ ಸ್ಪ್ಯಾನಿಷ್‌ನಲ್ಲೇ. ಹಾಲಿವುಡ್‌ನಲ್ಲಿ ಗೆದ್ದ ಮೇಲೆ ಸಿಕ್ಕ ದುಡ್ಡು, ಸ್ವಾತಂತ್ರ್ಯ ಎರಡನ್ನೂ ಬಳಸಿ ಅವರು ವಾಪಸ್ ಮನೆಗೆ ಬಂದರು.

ಈ ಸಿನಿಮಾದಲ್ಲಿ ಬರವಣಿಗೆ, ನಿರ್ದೇಶನ, ಛಾಯಾಗ್ರಹಣ ಮೂರೂ ಅವರದೇ. ಸಂಕಲನ ಮಾಡಿದ್ದು ಆಡಮ್ ಗಫ್ ಜೊತೆ ಸೇರಿ. ಕ್ಯಾಮೆರಾವನ್ನು ಅವರ ಹಳೆಯ ಗೆಳೆಯ ಎಮಾನ್ಯುಯೆಲ್ ಲುಬೆಸ್ಕಿ ಹಿಡಿಯಬೇಕಿತ್ತು, ಸಮಯ ಹೊಂದಲಿಲ್ಲ. ಹಾಗಾಗಿ ಕ್ವಾರೋನ್ ತಾವೇ ಹಿಡಿದರು. ದೊಡ್ಡ ಅಳತೆಯ ಡಿಜಿಟಲ್ ಕ್ಯಾಮೆರಾ ಬಳಸಿದ್ದಾರೆ. ಹಳೆಯ ಫಿಲಂನ ಮಸುಕಾಗಲಿ, ಕಾಳುಕಾಳಾದ ಚಿತ್ರವಾಗಲಿ ಇಲ್ಲಿ ಕಾಣಿಸುವುದಿಲ್ಲ. ಹಳೆಯ ಕಾಲವನ್ನು ಇವತ್ತಿನ ಕಣ್ಣಿನಿಂದ ನೋಡುತ್ತಿದ್ದೇವೆ ಅನ್ನುವುದು ಪ್ರತಿ ಚೌಕಟ್ಟಿನಲ್ಲೂ ಗೊತ್ತಾಗುತ್ತದೆ. ಇದನ್ನು ಸುಮ್ನೆ ಹಳೆಯ ನೆನಪಿನ ಆಲ್ಬಮ್ ಅಂದುಕೊಂಡರೆ ತಪ್ಪಾಗುತ್ತದೆ.

ಕ್ಲಿಯೊ ನಿಜವಾಗಿ ಇದ್ದವರಾ?

ಇದ್ದಾರೆ. ಅವರ ಹೆಸರು ಲಿಬೋರಿಯಾ ರೊದ್ರಿಗೆಸ್, ಎಲ್ಲರಿಗೂ ಲಿಬೊ. ವಹಾಕಾದ ತೆಪೆಲ್ಮೆಮೆ ಅನ್ನುವ ಹಳ್ಳಿಯವರು. ಕ್ವಾರೋನ್ ಒಂಬತ್ತು ತಿಂಗಳ ಕೂಸಾಗಿದ್ದಾಗ ಆ ಮನೆಗೆ ಬಂದರು, ಅವರನ್ನು ಸಾಕಿದರು. ಸಿನಿಮಾದ ಕೊನೆಯಲ್ಲಿ 'ಲಿಬೊಗೆ' ಅನ್ನುವ ಅರ್ಪಣೆ ಇದೆ. ಕಥೆ ಬರೆಯುವ ಮುಂಚೆ ಕ್ವಾರೋನ್ ಅವರ ಜೊತೆ ಕೂತು ಗಂಟೆಗಟ್ಟಲೆ ಮಾತಾಡಿದರು. ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ, ಏನು ಉಡುತ್ತಿದ್ದಿರಿ ಅಂತ ಸಣ್ಣಸಣ್ಣದನ್ನೂ ಕೇಳಿದರು.

ನನ್ನನ್ನು ಹೆಚ್ಚು ಹಿಡಿದಿಟ್ಟ ಸಂಗತಿ ಇನ್ನೊಂದಿದೆ. ಕ್ವಾರೋನ್ 2001ರಲ್ಲಿ ಮಾಡಿದ 'ಇ ತು ಮಮಾ ತಾಂಬಿಯೆನ್' ಸಿನಿಮಾದಲ್ಲಿ ಇಬ್ಬರು ಹುಡುಗರು ಕಾರಿನಲ್ಲಿ ಹೋಗುತ್ತಿರುತ್ತಾರೆ. ತೆಪೆಲ್ಮೆಮೆಯ ದಾರಿ ದಾಟುತ್ತದೆ. ಆ ಹುಡುಗರಲ್ಲಿ ಒಬ್ಬನನ್ನು ಸಾಕಿದ ಹೆಂಗಸು ಹುಟ್ಟಿದ ಊರು ಅದು ಅಂತ ಹಿನ್ನೆಲೆ ದನಿ ಹೇಳುತ್ತದೆ. ಹುಡುಗ ಏನೂ ಮಾತಾಡುವುದಿಲ್ಲ, ಕಾರು ಮುಂದೆ ಹೋಗುತ್ತದೆ. ಆ ಹೆಂಗಸಿನ ಪುಟ್ಟ ಪಾತ್ರ ಮಾಡಿದ್ದು ಲಿಬೊ ಅವರೇ. 17 ವರ್ಷ ಆದ ಮೇಲೆ ಆ ಕಾರು ನಿಂತಿತು ಅಂತ ನನಗೆ ಅನ್ನಿಸುತ್ತದೆ. 'ರೋಮಾ'ದಲ್ಲಿ ಅವರು ಇಳಿದು ನೋಡಿದ್ದಾರೆ.

ಕ್ಲಿಯೊ ಪಾತ್ರ ಮಾಡಿದ ಹುಡುಗಿ ನಟಿಯೇ ಅಲ್ವಂತೆ. ನಿಜಾನಾ?

ನಿಜ. ಯಲಿಟ್ಸಾ ಅಪರಿಸಿಯೊ ಆಗಷ್ಟೇ ಶಿಶುವಿಹಾರದ ಶಿಕ್ಷಕಿಯ ಓದು ಮುಗಿಸಿದ್ದರು. ವಹಾಕಾದ ತ್ಲಹಿಯಾಕೊ ಊರಿನವರು. ಪಾತ್ರಕ್ಕೆ ಹುಡುಕಾಟ ನಡೆಯುತ್ತಿದ್ದಾಗ ಬಸುರಿ ಅಕ್ಕನ ಒತ್ತಾಯಕ್ಕೆ ಹೋದವರು ಆಯ್ಕೆಯಾದರು. ಅಪ್ಪ ಮಿಷ್ಟೆಕ್, ಅಮ್ಮ ತ್ರಿಕಿ ಸಮುದಾಯದವರು. ಆದರೂ ಅವರಿಗೆ ಮಿಷ್ಟೆಕ್ ಮಾತಾಡಲು ಬರುತ್ತಿರಲಿಲ್ಲ, ಸಿನಿಮಾಗಾಗಿ ಕಲಿತರು. ಕಲಿಸಿದವರು ಅದೇಲಾ ಪಾತ್ರ ಮಾಡಿದ ನ್ಯಾನ್ಸಿ ಗಾರ್ಸಿಯಾ. ಇಬ್ಬರೂ ಮೊದಲಿನಿಂದಲೇ ಗೆಳತಿಯರು. ಪರದೆಯ ಮೇಲೆ ಅವರ ನಗು ಅಷ್ಟು ಸಹಜವಾಗಿರುವುದು ಅದಕ್ಕೇ.

ಅಪರಿಸಿಯೊ ಆಸ್ಕರ್‌ನ ಅತ್ಯುತ್ತಮ ನಟಿ ಪಟ್ಟಿಗೆ ಬಂದರು. ಮೆಕ್ಸಿಕೊದ ಮೂಲನಿವಾಸಿ ಹೆಂಗಸೊಬ್ಬರು ಆ ಪಟ್ಟಿಗೆ ಬಂದದ್ದು ಅದೇ ಮೊದಲು. 'ವೋಗ್' ಪತ್ರಿಕೆಯ ಮೆಕ್ಸಿಕೊ ಆವೃತ್ತಿಯ ಮುಖಪುಟದಲ್ಲೂ ಬಂದರು. ಅದೇ ಸಮಯದಲ್ಲಿ ಅವರ ಬಣ್ಣ, ಮುಖ, ಹುಟ್ಟಿನ ಬಗ್ಗೆ ಅವರ ದೇಶದಲ್ಲೇ ಕೀಳಾಗಿ ಮಾತಾಡಿದವರೂ ಇದ್ದರು. 2019ರಲ್ಲಿ ಯುನೆಸ್ಕೊ ಅವರನ್ನು ಮೂಲನಿವಾಸಿಗಳ ಪರವಾದ ಸದ್ಭಾವನಾ ರಾಯಭಾರಿಯಾಗಿ ನೇಮಿಸಿತು.

ನಟರಿಗೆ ಸ್ಕ್ರಿಪ್ಟೇ ಕೊಟ್ಟಿರಲಿಲ್ಲವಂತೆ. ಹಾಗಾದರೆ ಶೂಟಿಂಗ್ ಹೇಗೆ ನಡೆಯಿತು?

ಕಥೆ ಯಾವ ಕ್ರಮದಲ್ಲಿ ಇದೆಯೋ ಅದೇ ಕ್ರಮದಲ್ಲಿ ಚಿತ್ರಿಸಿದರು. ಇದು ತುಂಬಾ ಖರ್ಚಿನ ಕೆಲಸ, ಹೀಗೆ ಮಾಡುವವರು ಕಡಿಮೆ. ನಾಳೆ ಏನಾಗುತ್ತದೆ ಅಂತ ನಟರಿಗೆ ಇವತ್ತು ಗೊತ್ತಿರುತ್ತಿರಲಿಲ್ಲ. ಆಯಾ ದಿನದ ಮಾತನ್ನು ಆಯಾ ದಿನ ಹೇಳುತ್ತಿದ್ದರು. ಕೆಲವು ಸಲ ಒಬ್ಬೊಬ್ಬರಿಗೆ ಒಂದೊಂದು ಸೂಚನೆ ಕೊಡುತ್ತಿದ್ದರು. ಸೋಫಿಯಾ ಪಾತ್ರದ ಮರೀನಾ ದೆ ತವೀರಾ ರಂಗಭೂಮಿಯಲ್ಲಿ ಪಳಗಿದವರು. ಅವರಿಗೂ ಇದೇ ನಿಯಮ.

ಹೆರಿಗೆಯ ದೃಶ್ಯದಲ್ಲಿ ಇರುವ ಡಾಕ್ಟರುಗಳು, ನರ್ಸುಗಳು ನಿಜವಾದ ಡಾಕ್ಟರು, ನರ್ಸುಗಳೇ. ಮಗು ಉಳಿಯುವುದಿಲ್ಲ ಅನ್ನುವುದು ಅಪರಿಸಿಯೊ ಅವರಿಗೆ ಗೊತ್ತಾದದ್ದು ಕ್ಯಾಮೆರಾ ಓಡುತ್ತಿರುವಾಗ. ಈ ಮಾತು ಕೇಳಿದಾಗ ನನಗೆ ಮೊದಲು ಬೆರಗಾಯಿತು, ಆಮೇಲೆ ಕಸಿವಿಸಿಯೂ ಆಯಿತು. ಒಬ್ಬರ ನೋವನ್ನು ಹೀಗೆ ಹೊರಗೆ ತೆಗೆಯಬಹುದಾ? ಅಪರಿಸಿಯೊ ಇದರ ಬಗ್ಗೆ ದೂರು ಹೇಳಿಕೊಂಡಿಲ್ಲ. ಆದರೂ ಆ ದೃಶ್ಯ ನೋಡುವಾಗ ಈ ಪ್ರಶ್ನೆ ನನ್ನನ್ನು ಬಿಟ್ಟು ಹೋಗಿಲ್ಲ.

1970ರ ಮೆಕ್ಸಿಕೊ ಸಿಟಿ ಇವರಿಗೆ ಎಲ್ಲಿ ಸಿಕ್ಕಿತು?

ಕಟ್ಟಿದರು. ಕಲಾ ನಿರ್ದೇಶಕ ಎಉಹೇನಿಯೊ ಕಬಯೇರೊ 'ಪ್ಯಾನ್ಸ್ ಲ್ಯಾಬಿರಿಂತ್' ಸಿನಿಮಾಗೆ ಆಸ್ಕರ್ ಪಡೆದವರು. ಕ್ಲಿಯೊ ಮಕ್ಕಳ ಹಿಂದೆ ಓಡುವ ದೊಡ್ಡ ರಸ್ತೆ ಇದೆಯಲ್ಲ, ಇನ್ಸುರ್ಹೆಂತೆಸ್ ಅವೆನ್ಯೂ, ಅದು ಈಗ ಪೂರ್ತಿ ಬದಲಾಗಿದೆ. ಹಾಗಾಗಿ ಅಂಗಡಿ, ದೀಪ, ಫುಟ್‌ಪಾತ್ ಸಮೇತ ಹಳೆಯ ರಸ್ತೆಯ ಸೆಟ್ ಹಾಕಿದರು. ಮನೆಯೊಳಗಿನ ಮೇಜು, ಕುರ್ಚಿ, ಕಪಾಟುಗಳಲ್ಲಿ ಬಹುಪಾಲು ಕ್ವಾರೋನ್ ಕುಟುಂಬದವೇ. ನೆಂಟರಿಷ್ಟರ ಮನೆಗಳಲ್ಲಿ ಚದುರಿಹೋಗಿದ್ದವನ್ನು ಹುಡುಕಿ ತಂದರು.

ಕಾನ್ ಉತ್ಸವಕ್ಕೆ ಯಾಕೆ ಹೋಗಲಿಲ್ಲ? ಆಸ್ಕರ್ ಎಷ್ಟು ಬಂತು?

ಕಾನ್‌ನ ಸ್ಪರ್ಧೆಗೆ ಬರಬೇಕಾದರೆ ಸಿನಿಮಾ ಫ್ರಾನ್ಸಿನ ಚಿತ್ರಮಂದಿರಗಳಲ್ಲಿ ಬಿಡುಗಡೆ ಆಗಬೇಕು. ನೆಟ್‌ಫ್ಲಿಕ್ಸ್ ಒಪ್ಪಲಿಲ್ಲ. 'ರೋಮಾ' ವೆನಿಸ್‌ಗೆ ಹೋಯಿತು, 2018ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್ ಗೆದ್ದಿತು. ಆಸ್ಕರ್‌ಗೆ 10 ನಾಮನಿರ್ದೇಶನ, ಬಂದದ್ದು 3: ನಿರ್ದೇಶನ, ಛಾಯಾಗ್ರಹಣ, ವಿದೇಶಿ ಭಾಷೆಯ ಸಿನಿಮಾ. ಮೂರನೆಯದು ಮೆಕ್ಸಿಕೊಗೆ ಸಿಕ್ಕಿದ್ದು ಅದೇ ಮೊದಲು.

## ನೋಡಿದ ಮೇಲೆ

ಬೀದಿಯಲ್ಲಿ ವಿದ್ಯಾರ್ಥಿಗಳಿಗೆ ಗುಂಡು ಹೊಡೆಯುವವರು ಯಾರು? ಅದು ನಿಜವಾಗಿ ನಡೆದದ್ದಾ?

ನಡೆದದ್ದು. 1971ರ ಜೂನ್ 10, ಕಾರ್ಪಸ್ ಕ್ರಿಸ್ಟಿ ಅನ್ನುವ ಕ್ರೈಸ್ತ ಹಬ್ಬದ ದಿನ. ವಿದ್ಯಾರ್ಥಿಗಳ ಮೆರವಣಿಗೆ ಹೊರಟಿತ್ತು. 'ಲೋಸ್ ಆಲ್ಕೋನೆಸ್', ಅಂದರೆ ಗಿಡುಗಗಳು ಅನ್ನುವ ಹೆಸರಿನ ಗುಂಪು ದೊಣ್ಣೆ, ಬಂದೂಕು ಹಿಡಿದು ನುಗ್ಗಿತು. ಸರ್ಕಾರವೇ ಗುಟ್ಟಾಗಿ ತರಬೇತಿ ಕೊಟ್ಟು ಸಾಕಿದ್ದ ಗುಂಪು ಅದು. ಪೊಲೀಸರು ಅಲ್ಲೇ ಇದ್ದರು, ತಡೆಯಲಿಲ್ಲ. ಸತ್ತವರು ಸುಮಾರು 120 ಅಂತ ಲೆಕ್ಕ. ಆಗ ಅಧ್ಯಕ್ಷರಾಗಿದ್ದವರು ಲೂಯಿಸ್ ಎಚೆವೆರ್ರಿಯಾ. ಅವರಿಗೆ ಕೊನೆಯವರೆಗೂ ಶಿಕ್ಷೆ ಆಗಲಿಲ್ಲ, 2022ರಲ್ಲಿ 100ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಸಿನಿಮಾವನ್ನು ಮತ್ತೊಮ್ಮೆ ನೋಡಿ. ಕ್ಲಿಯೊಳ ಗೆಳೆಯ ಫೆರ್ಮಿನ್ ಮಣ್ಣಿನ ಬಯಲಿನಲ್ಲಿ ಕೋಲು ವರಸೆ ಕಲಿಯುತ್ತಾನಲ್ಲ, ಅದು ಈ ಗುಂಪಿನ ತರಬೇತಿ. ಹಿಂದಿನ ಗುಡ್ಡದ ಮೇಲೆ ದೊಡ್ಡದಾಗಿ ಬರೆದ ಮೂರು ಅಕ್ಷರಗಳು ಎಚೆವೆರ್ರಿಯಾ ಹೆಸರಿನವು. ಯಾರೂ ಏನನ್ನೂ ವಿವರಿಸುವುದಿಲ್ಲ. ಬಡ ಹುಡುಗರನ್ನು ಕರೆದು ಶಿಸ್ತು, ಅನ್ನ, ಹೆಮ್ಮೆ ಕೊಟ್ಟು ಇನ್ನೊಂದಿಷ್ಟು ಹುಡುಗರ ಮೇಲೆ ಬಿಟ್ಟರು. ಅದೇ ಫೆರ್ಮಿನ್ ಕ್ಲಿಯೊಳನ್ನು 'ಗಾತಾ' ಅಂತ ಬೈದು ಓಡಿಸುತ್ತಾನೆ. ಆ ಪದದ ಅರ್ಥ ಹೆಣ್ಣು ಬೆಕ್ಕು. ಮೆಕ್ಸಿಕೊದಲ್ಲಿ ಮನೆಕೆಲಸದ ಹೆಂಗಸರನ್ನು ಹೀಗಳೆಯುವ ಬೈಗುಳ. ಅವನೂ ಬಡವ, ಅವಳೂ ಬಡವಳು. ಆದರೂ ಆ ಬೈಗುಳ ಅವನಿಗೆ ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ನೋಡಿ.

ವಿಮಾನ, ನಾಯಿ ಕಕ್ಕ, ಅಗಲದ ಕಾರು ಪದೇ ಪದೇ ಬರುತ್ತವೆ. ಏನಾದರೂ ಸಂಕೇತನಾ?

ಎಲ್ಲದಕ್ಕೂ ಸಂಕೇತ ಹುಡುಕಬೇಡಿ ಅಂತ ನನ್ನ ಸಲಹೆ. ಕಾರಿನದು ಮಾತ್ರ ಚೆನ್ನಾಗಿದೆ. ಡಾಕ್ಟರು ಆ ಅಗಲದ ಫೋರ್ಡ್ ಗ್ಯಾಲಕ್ಸಿಯನ್ನು ಇಕ್ಕಟ್ಟಿನ ಓಣಿಯೊಳಗೆ ಕೂದಲೆಳೆ ಅಂತರದಲ್ಲಿ, ಜೋಪಾನವಾಗಿ ನಿಲ್ಲಿಸುತ್ತಾರೆ. ಗಂಡ ಹೋದ ಮೇಲೆ ಸೋಫಿಯಾ ಅದೇ ಕಾರನ್ನು ಎರಡೂ ಗೋಡೆಗೆ ಉಜ್ಜಿಕೊಂಡೇ ಒಳಗೆ ತರುತ್ತಾಳೆ. ಕೊನೆಗೆ ಚಿಕ್ಕ ಕಾರು ಕೊಳ್ಳುತ್ತಾಳೆ. ಒಂದು ಮದುವೆ ಮುರಿದ ಕಥೆಯನ್ನು ಇಷ್ಟು ಕಡಿಮೆ ಮಾತಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಡಲಿನ ದೃಶ್ಯದಲ್ಲಿ ಕ್ಲಿಯೊ "ನನಗೆ ಅವಳು ಬೇಡವಾಗಿದ್ದಳು" ಅಂತಾಳೆ. ಯಾಕೆ ಆಗ ಹೇಳಬೇಕು?

ಯಾಕೆಂದರೆ ಅಲ್ಲಿಯವರೆಗೂ ಅವಳನ್ನು ಯಾರೂ ಕೇಳಿರಲಿಲ್ಲ. ವೆರಾಕ್ರೂಸ್ ರಾಜ್ಯದ ತುಷ್ಪಾನ್ ಕಡಲತೀರದಲ್ಲಿ ಚಿತ್ರಿಸಿದ ದೃಶ್ಯ ಇದು. ಈಜು ಬಾರದ ಕ್ಲಿಯೊ ಮುಳುಗುತ್ತಿರುವ ಮಕ್ಕಳಿಗಾಗಿ ಅಲೆಗಳೊಳಗೆ ನಡೆಯುತ್ತಾಳೆ. ಕ್ಯಾಮೆರಾ ಅವಳ ಪಕ್ಕದಲ್ಲೇ ಹೋಗುತ್ತದೆ, ಪಕ್ಕದಲ್ಲೇ ವಾಪಸ್ ಬರುತ್ತದೆ, ಎಲ್ಲೂ ಕತ್ತರಿಸಿದ್ದು ಕಾಣುವುದಿಲ್ಲ. ಬೇರೆಯವರ ಮಕ್ಕಳನ್ನು ಉಳಿಸಿದ ಗಳಿಗೆಯಲ್ಲಿ ಸತ್ತು ಹುಟ್ಟಿದ ತನ್ನ ಮಗುವಿನ ಮಾತು ಹೊರಗೆ ಬರುತ್ತದೆ. ಮಗು ಬೇಡ ಅಂದುಕೊಂಡಿದ್ದಕ್ಕೇ ಅದು ಸತ್ತಿತು ಅನ್ನುವ ಪಾಪದ ಭಾರವನ್ನು ಅವಳು ಅಷ್ಟು ದಿನ ಹೊತ್ತಿದ್ದಳು. ಪಾಪಪ್ರಜ್ಞೆ, ದುಃಖ, ಬಿಡುಗಡೆ ಮೂರೂ ಅಲ್ಲಿ ಒಂದೇ ಸಲ ಬರುತ್ತವೆ.

ಕ್ಲಿಯೊ ಹೆಚ್ಚು ಮಾತೇ ಆಡಲ್ಲ. ಇದು ಕೊನೆಗೂ ಮಾಲೀಕರ ಕಣ್ಣಿನ ಸಿನಿಮಾ ಅಲ್ವಾ?

ನನಗೆ ಬಂದ ಪ್ರಶ್ನೆಗಳಲ್ಲಿ ಅತಿ ಗಟ್ಟಿಯಾದದ್ದು ಇದು. ಹಲವು ವಿಮರ್ಶಕರೂ ಇದನ್ನೇ ಕೇಳಿದ್ದಾರೆ. ಹೌದು, ಇದು ಆ ಮನೆಯ ಮಗ ಮಾಡಿದ ಸಿನಿಮಾ. ಕ್ಲಿಯೊಳ ಊರು, ಅವಳ ಅಮ್ಮ, ಅವಳ ಆಸೆ ನಮಗೆ ಹೆಚ್ಚು ಗೊತ್ತಾಗುವುದಿಲ್ಲ. ಅಮ್ಮನ ಜಮೀನನ್ನು ಸರ್ಕಾರ ಕಿತ್ತುಕೊಂಡಿತು ಅನ್ನುವ ಸುದ್ದಿ ಒಂದೇ ಮಾತಲ್ಲಿ ಬಂದು ಹೋಗುತ್ತದೆ.

ಆದರೆ ಈ ಗೊತ್ತಿಲ್ಲದಿರುವುದನ್ನು ಸಿನಿಮಾ ಮುಚ್ಚಿಡುವುದಿಲ್ಲ. ಆಸ್ಪತ್ರೆಯ ದೃಶ್ಯ ನೆನಪಿಸಿಕೊಳ್ಳಿ. ಹೆರಿಗೆ ನೋವಿನಲ್ಲಿ ಕ್ಲಿಯೊ ಒಳಗೆ ಹೋಗಿದ್ದಾಳೆ. ಅವಳ ಪೂರ್ತಿ ಹೆಸರು, ವಯಸ್ಸು, ಹುಟ್ಟಿದ ದಿನ ಅಂತ ಕೇಳುತ್ತಾರೆ. ಅಜ್ಜಿ ತೆರೆಸಾ ಅಳುತ್ತಿದ್ದಾರೆ, ನಿಜವಾದ ಅಳು. ಆದರೆ ಉತ್ತರ ಗೊತ್ತಿಲ್ಲ. ತೊಟ್ಟಿಲು ಕೊಡಿಸಲು ಅಂಗಡಿಗೆ ಕರೆದುಕೊಂಡು ಬಂದವರಿಗೇ ಅವಳು ಹುಟ್ಟಿದ ದಿನ ಗೊತ್ತಿಲ್ಲ.

ಇನ್ನೊಂದು ದೃಶ್ಯ. ರಾತ್ರಿ ಎಲ್ಲರೂ ಟಿವಿ ನೋಡುತ್ತಿದ್ದಾರೆ. ಕ್ಲಿಯೊ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಾಳೆ, ಹುಡುಗ ಅವಳ ಹೆಗಲ ಮೇಲೆ ಕೈ ಹಾಕುತ್ತಾನೆ. ಅರೆಗಳಿಗೆ ಅವಳೂ ಮನೆಯವಳೇ. ಅಷ್ಟರಲ್ಲಿ ಡಾಕ್ಟರಿಗೆ ಟೀ ತಾ ಅನ್ನುತ್ತಾಳೆ ಸೋಫಿಯಾ. ಕ್ಲಿಯೊ ಏಳುತ್ತಾಳೆ. ಕಡಲಿನಿಂದ ವಾಪಸ್ ಬಂದ ದಿನವೂ ಹೀಗೇ. ನಿನ್ನನ್ನು ತುಂಬಾ ಪ್ರೀತಿಸುತ್ತೇವೆ ಅಂತ ಎಲ್ಲರೂ ತಬ್ಬಿದ್ದರು. ಮನೆ ತಲುಪಿದ ಕೂಡಲೇ ಬಾಳೆಹಣ್ಣಿನ ಮಿಲ್ಕ್‌ಶೇಕ್ ಬೇಕು ಅಂತ ಮಕ್ಕಳು. ಕ್ಲಿಯೊ ಒಗೆಯುವ ಬಟ್ಟೆಯ ಗಂಟು ಹಿಡಿದು ಮಹಡಿ ಹತ್ತುತ್ತಾಳೆ.

ಪ್ರೀತಿ ಸುಳ್ಳಲ್ಲ, ಚಾಕರಿಯೂ ಸುಳ್ಳಲ್ಲ. ಎರಡೂ ಒಂದೇ ಮನೆಯಲ್ಲಿ ಇವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಕ್ಯಾಮೆರಾ ದೂರದಲ್ಲೇ ನಿಂತು ನಿಧಾನವಾಗಿ ತಿರುಗುವುದು, ಕ್ಲಿಯೊಳ ಮನಸ್ಸಿನೊಳಗೆ ಹೊಕ್ಕವರ ಹಾಗೆ ನಟಿಸದಿರುವುದು, ಇದನ್ನು ನಾನು ಕ್ವಾರೋನ್ ಅವರ ಪ್ರಾಮಾಣಿಕತೆ ಅಂತಲೇ ತಿಳಿಯುತ್ತೇನೆ. ತಾನು ಆಗ ನೋಡಲಿಲ್ಲ ಅನ್ನುವುದು ಅವರಿಗೆ ಗೊತ್ತಿದೆ. ಕ್ಲಿಯೊಳಂಥ ಮನೆಯ ಮಗಳೊಬ್ಬಳು ಕ್ಯಾಮೆರಾ ಹಿಡಿದರೆ ಬೇರೆಯೇ ಸಿನಿಮಾ ಬರುತ್ತದೆ. ಅದು ಬರಲೇಬೇಕು.

ಇದರಿಂದ ಮನೆಕೆಲಸದವರಿಗೆ ಏನಾದರೂ ಉಪಯೋಗ ಆಯ್ತಾ?

ಸಿನಿಮಾದಿಂದಲೇ ಆಯಿತು ಅನ್ನುವುದು ತಪ್ಪು. ಮೆಕ್ಸಿಕೊದಲ್ಲಿ ಮನೆಕೆಲಸದವರು ದಶಕಗಳಿಂದ ಹೋರಾಡುತ್ತಿದ್ದರು. ಅವರಲ್ಲಿ ಮುಖ್ಯರಾದ ಮಾರ್ಸೆಲಿನಾ ಬೌತಿಸ್ತಾ ಸಹ ವಹಾಕಾದವರು, ಹುಡುಗಿಯಾಗಿದ್ದಾಗಲೇ ಮನೆಕೆಲಸಕ್ಕೆ ಸೇರಿದವರು. ಮನೆಕೆಲಸದವರನ್ನು ಸಾಮಾಜಿಕ ಭದ್ರತೆಯಿಂದ ಹೊರಗಿಡುವುದು ತಾರತಮ್ಯ ಅಂತ ಅಲ್ಲಿಯ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು, ಸಿನಿಮಾ ನೆಟ್‌ಫ್ಲಿಕ್ಸ್‌ಗೆ ಬಂದ ತಿಂಗಳಲ್ಲೇ. 2019ರಲ್ಲಿ ಕಾನೂನು ಬದಲಾಯಿತು. ಮನೆಕೆಲಸದವರ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) ಮಾಡಿದ 189ನೇ ಒಪ್ಪಂದಕ್ಕೆ 2020ರಲ್ಲಿ ಮೆಕ್ಸಿಕೊ ಸೇರಿತು. ಸಿನಿಮಾ ಮಾಡಿದ್ದು ಇಷ್ಟು: ಆ ಹೊತ್ತಿನಲ್ಲಿ ದೇಶವೆಲ್ಲ ಈ ವಿಷಯ ಮಾತಾಡುವ ಹಾಗೆ ಮಾಡಿತು. ಆಸ್ಕರ್ ವೇದಿಕೆಯಲ್ಲೂ ಕ್ವಾರೋನ್ ಕೆಲಸದ ಹಕ್ಕುಗಳಿಲ್ಲದ 7 ಕೋಟಿ ಮನೆಕೆಲಸದವರ ಹೆಸರೆತ್ತಿದರು.

ನಮ್ಮಲ್ಲಿ ಹೇಗೆ ಅಂತಲೂ ಕೇಳುತ್ತೀರಿ. ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿತು. ಭಾರತ ಮಾತ್ರ ಆ 189ನೇ ಒಪ್ಪಂದವನ್ನು ಇನ್ನೂ ಅನುಮೋದಿಸಿಲ್ಲ.

ಕೊನೆಗೆ "ಶಾಂತಿಃ ಶಾಂತಿಃ ಶಾಂತಿಃ" ಅಂತ ಬರುತ್ತೆ! ನಮ್ಮ ಮಂತ್ರ ಅಲ್ಲಿಗೆ ಹೇಗೆ ಹೋಯಿತು?

ನೀವು ಹೆಸರುಗಳು ಮುಗಿಯುವವರೆಗೂ ಕೂತಿದ್ದಿರಿ ಅನ್ನುವುದೇ ನನಗೆ ಖುಷಿ. ಉಪನಿಷತ್ತಿನ ಶಾಂತಿಮಂತ್ರದ ಕೊನೆಯ ಮಾತುಗಳು ಅವೇ. ಟಿ. ಎಸ್. ಎಲಿಯಟ್ 1922ರ ತಮ್ಮ ಕವಿತೆ 'ದಿ ವೇಸ್ಟ್ ಲ್ಯಾಂಡ್' ಅನ್ನು ಇವುಗಳಿಂದಲೇ ಮುಗಿಸಿದ್ದರು. ಕ್ವಾರೋನ್ 2006ರ 'ಚಿಲ್ಡ್ರನ್ ಆಫ್ ಮೆನ್' ಸಿನಿಮಾದ ಕೊನೆಗೂ ಇದನ್ನೇ ಹಾಕಿದ್ದಾರೆ. ಅದಕ್ಕೂ ಮುಂಚೆ, 1995ರ 'ಎ ಲಿಟಲ್ ಪ್ರಿನ್ಸೆಸ್'ನಲ್ಲಿ ಅವರ ಪುಟ್ಟ ನಾಯಕಿ ಗೆಳತಿಯರಿಗೆ ರಾಮಾಯಣದ ಕಥೆ ಹೇಳುತ್ತಾಳೆ. ಹಾಗಾಗಿ ಈ ನಂಟು ಹಳೆಯದು.

ಆ ಮೂರು ಪದ ಬರುವ ಮುಂಚೆ ಪರದೆಯ ಮೇಲೆ ಮಹಡಿ, ಮೆಟ್ಟಿಲು, ಆಕಾಶ ಇರುತ್ತವೆ. ಕ್ಲಿಯೊ ಹತ್ತಿ ಮರೆಯಾಗಿದ್ದಾಳೆ. ಮೊದಲು ನೀರಿನಲ್ಲಿ ಕಂಡ ವಿಮಾನ ಈಗ ನಿಜವಾದ ಆಕಾಶದಲ್ಲಿ ಹೋಗುತ್ತದೆ. ನಾಯಿ ಬೊಗಳುತ್ತದೆ, ಬೀದಿಯ ಸದ್ದು ಕೇಳುತ್ತಿರುತ್ತದೆ. ಅಷ್ಟರಲ್ಲಿ ನೆಟ್‌ಫ್ಲಿಕ್ಸ್ ಮುಂದಿನ ಸಿನಿಮಾ ತೋರಿಸಲು ಹೊರಟರೆ ನಿಲ್ಲಿಸಿ, ಸದ್ದು ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ.